ಬುಟ್ಟಿಯ ತಳದಲ್ಲಿಟ್ಟ ಪತ್ರ

ವಿಜಯನಗರ, ಬೆಂಗಳೂರು

ಚಿರಂಜೀವಿ ಪುಟ್ಟಿಗೆ, ಅಪ್ಪ ಮಾಡುವ ಆಶೀರ್ವಾದಗಳು.

ಶನಿವಾರ ಗೆಳತಿಯರೊಡನೆ ಮೂಡಿಗೆರೆ ಕಡೆಯ ಕಾಫಿ ತೋಟಕ್ಕೆ ಅಣಬೆ ಹುಡುಕಲು ಹೋಗುವುದಾಗಿ ನೀನು ಹೇಳಿದಂದಿನಿಂದ, ಏನೇನು ಕಟ್ಟಿಕೊಳ್ಳಬೇಕೆಂಬ ಯೋಚನೆ ನಿನಗಿಂತ ನನಗೇ ಹೆಚ್ಚಾಗಿದೆ. ಫೋನಿನಲ್ಲಿ ಹೇಳಿದರೆ "ಆಯ್ತಪ್ಪಾ" ಎಂದು ಮುಗಿಸಿಬಿಡುತ್ತೀಯೆ. ಆದ್ದರಿಂದ ಬರೆದು, ನಿನ್ನ ತಮ್ಮನ ಕೈಯಲ್ಲಿ ಕಳುಹಿಸುತ್ತಿರುವ ಬುಟ್ಟಿಯ ತಳದಲ್ಲಿ ಇಟ್ಟಿದ್ದೇನೆ.

ಬುಟ್ಟಿಯನ್ನು ನೋಡಿ ನಗಬೇಡ. ಪ್ಲಾಸ್ಟಿಕ್ ಕವರಿನಲ್ಲಿ ತುಂಬಿದ ಅಣಬೆ ಬೆವರಿ, ಮೆತ್ತಗಾಗಿ, ಮನೆ ಸೇರುವಷ್ಟರಲ್ಲಿ ಯಾವುದು ಯಾವುದೆಂದು ಗುರುತಿಸಲಾಗದ ಮುದ್ದೆಯಾಗಿರುತ್ತದೆ. ಬಿದಿರಿನ ಬುಟ್ಟಿಯಲ್ಲಿ ಗಾಳಿಯಾಡುತ್ತದೆ. ಅದರೊಳಗಿರುವ ಕಂದು ಕಾಗದದ ಚೀಲಗಳು ಬುಟ್ಟಿಗಿಂತಲೂ ಮುಖ್ಯವಾದವು. ಒಂದು ಜಾತಿಗೆ ಒಂದು ಚೀಲ ಎಂಬುದನ್ನು ಬಿಡಬೇಡ, ಏಕೆಂದರೆ ವಿಷದ ಅಣಬೆಯ ಒಂದು ಚೂರು ಮುರಿದು ಒಳ್ಳೆಯದರ ನಡುವೆ ಬಿದ್ದರೆ ಆಮೇಲೆ ಆರಿಸಿ ತೆಗೆಯುವುದು ಸಾಧ್ಯವಿಲ್ಲ. ಪ್ರತಿ ಚೀಲದ ಮೇಲೂ ಅದು ಸಿಕ್ಕಿದ್ದು ಹುತ್ತದ ಬಳಿಯೋ, ಕೊಳೆತ ಮರದ ಮೇಲೋ, ಸಗಣಿಯ ಮೇಲೋ, ಹುಲ್ಲಿನಲ್ಲೋ ಎಂದು ಬರೆದುಕೊ. ಬರೆಯಲು ಪೆನ್ಸಿಲ್ಲನ್ನೇ ಇಟ್ಟಿದ್ದೇನೆ. ಆರಿದ್ರಾ ಮಳೆಯಲ್ಲಿ ಶಾಯಿ ನಿಲ್ಲುವುದಿಲ್ಲ.

ಮಡಚುವ ಚಾಕುವಿನ ಜೊತೆಗೆ ಹೂಕುಂಡದ ಮಣ್ಣು ಕೆದಕುವ ಪುಟ್ಟ ಸಲಿಕೆಯೂ ಇದೆ. ಗುರುತು ಸಿಗದ ಅಣಬೆಯ ಕಾಂಡವನ್ನು ನೆಲದ ಮಟ್ಟಕ್ಕೆ ಕತ್ತರಿಸಬೇಡ, ಬುಡಸಮೇತ ಎಬ್ಬಿಸು. ಮಾರಕ ವಿಷದ ಜಾತಿಗಳೂ ಇರುವ ಅಮಾನಿಟಾ ಎಂಬ ಕುಲದ ಅನೇಕ ಅಣಬೆಗಳಿಗೆ ಬುಡದಲ್ಲಿ ಚೀಲದಂಥ ಪೊರೆಯೊಂದಿದ್ದು, ಅದು ಮಣ್ಣಿನೊಳಗೇ ಹುದುಗಿರುತ್ತದೆ. ಕತ್ತರಿಸಿದರೆ ಎಚ್ಚರಿಕೆಯ ಆ ಗುರುತನ್ನೇ ನೆಲದಲ್ಲಿ ಬಿಟ್ಟು ಬಂದಂತಾಗುತ್ತದೆ. ಹುತ್ತದ ಅಣಬೆಗಾದರೋ ಬೇರಿನಂಥ ಉದ್ದನೆಯ ಬಾಲವಿದ್ದು, ಅದು ಗೆದ್ದಲು ನೆಲದಾಳದಲ್ಲಿ ಸಾಕುವ ಶಿಲೀಂಧ್ರದ ತೋಟದವರೆಗೂ ಇಳಿದಿರುತ್ತದೆ. ಅದನ್ನು ಪೂರ್ತಿ ಕೀಳುವ ಹಟಕ್ಕೆ ಬಿದ್ದು ಹುತ್ತ ಒಡೆಯಬೇಡ. ಹುತ್ತ ಉಳಿದರೆ ಮುಂದಿನ ಮುಂಗಾರಿಗೂ ಅಲ್ಲೇ ಅಣಬೆ ಏಳುವ ನಿರೀಕ್ಷೆಯಿರುತ್ತದೆ.

ಅರ್ಧ ಬಿಳಿ, ಅರ್ಧ ಕಪ್ಪು ಕಾಗದವನ್ನು ಅಂಟಿಸಿದ ರಟ್ಟು ಏಕೆಂದು ನೀನು ಕೇಳುತ್ತೀಯೆ. ನಾವು ಈ ಮನೆಗೆ ಬಂದ ಹೊಸದರಲ್ಲಿ, ನೀನಿನ್ನೂ ಹುಟ್ಟಿರಲಿಲ್ಲ, ಒಂದು ಮಳೆಯ ಮರುದಿನ ಪಾರ್ಕಿನ ಹುಲ್ಲಿನ ಮೇಲೆ ತಟ್ಟೆಯಗಲದ ಬಿಳಿ ಕೊಡೆಗಳು ಎದ್ದಿದ್ದವು. ಊರಿನಲ್ಲಿ ನನ್ನಜ್ಜಿ ಮಡಿಲು ತುಂಬ ತರುತ್ತಿದ್ದ ಅಣಬೆಯೇ ಬೆಂಗಳೂರಿಗೂ ಬಂದಿದೆಯೆಂದು ಹಿಗ್ಗಿ, ನಾನೇ ಸಾರು ಮಾಡಿ, ನಾನೊಬ್ಬನೇ ಉಂಡೆ. ನಿನ್ನಮ್ಮ ಮೂಸಿ ನೋಡಿ ಬೇಡವೆಂದಿದ್ದಳು. ಇಂದಿಗೂ ಆ ಮಾತನ್ನು ನೆನಪಿಸುತ್ತಾಳೆ. ಎರಡು ಗಂಟೆಯೊಳಗೆ ವಾಂತಿ ಭೇದಿ ಶುರುವಾಗಿ, ಬೆಳಗಿನವರೆಗೂ ಗ್ಲೂಕೋಸು ಹತ್ತಿಸಿಕೊಂಡು ಮಲಗಿದ್ದೆ. ಅದು ಕ್ಲೋರೋಫಿಲಂ ಮಾಲಿಬ್ಡೈಟಿಸ್ ಎಂಬ, ಹುಲ್ಲುಹಾಸಿನಲ್ಲಿ ಬೆಳೆಯುವ ಜಾತಿಯೆಂದೂ ಕೊಡೆಯಡಿಯಿಂದ ಪುಡಿಯಂತೆ ಉದುರುವ ಅದರ ಬೀಜಕಣಗಳು ಹಸಿರಾಗಿರುತ್ತವೆಂದೂ ಆಮೇಲೆ ತಿಳಿಯಿತು. ಕೊಡೆಯನ್ನು ಕಾಂಡದಿಂದ ಬಿಡಿಸಿ, ಕೆಳಗಿನ ಪದರಗಳು ಕಾಗದಕ್ಕೆ ತಾಗುವಂತೆ ಇಟ್ಟು, ಮೇಲೊಂದು ಬಟ್ಟಲು ಮುಚ್ಚಿ ರಾತ್ರಿ ಕಳೆದಿದ್ದರೆ ಆ ಹಸಿರು ಪುಡಿ ಬಿಳಿಯ ಮೇಲೆ ಎದ್ದು ಕಾಣುತ್ತಿತ್ತು. ಬಿಳಿಯ ಬೀಜಕಣಗಳು ಕಾಣಲೆಂದು ಇನ್ನರ್ಧ ಕಪ್ಪು. ಪುಡಿಯ ಬಣ್ಣ ಒಂದು ಸುಳಿವು ಮಾತ್ರ, ತಿನ್ನಬಹುದೆಂಬ ಅಪ್ಪಣೆಯಲ್ಲ.

ನನ್ನ ಹೊಟ್ಟೆ ಬೇಗ ಕೆಟ್ಟದ್ದು ಅದೃಷ್ಟವೆಂದೇ ಹೇಳಬೇಕು. ಅಮಾನಿಟಾದ ಕೆಲವು ಜಾತಿಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ನಾಶವಾಗದು. ಉಂಡ 6ರಿಂದ 12 ಗಂಟೆಗಳವರೆಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಏನೂ ಆಗದಂತೆ ಇದ್ದು ಆಮೇಲೆ ವಾಂತಿ ಭೇದಿಯಾಗುತ್ತದೆ. ನಡುವೆ ವಾಸಿಯಾಯಿತೆಂಬ ಭ್ರಮೆ ಹುಟ್ಟಿಸಿ, ಒಳಗೊಳಗೇ ಯಕೃತ್ತನ್ನು ಹಾಳು ಮಾಡುತ್ತದೆ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಹುಳು ತಿಂದಿದ್ದರೆ ನಾವೂ ತಿನ್ನಬಹುದು ಎಂಬ ಮಾತುಗಳನ್ನು ಯಾರು ಹೇಳಿದರೂ ನಂಬಬೇಡ. ವರ್ಷವರ್ಷವೂ ಅದೇ ತೋಟದಲ್ಲಿ ಅದೇ ಅಣಬೆ ತಂದು ಉಣ್ಣುವ ಹಿರಿಯರು ನೋಡಿ ಹೌದೆಂದದ್ದನ್ನು ಮಾತ್ರ, ಅದೂ ಚೆನ್ನಾಗಿ ಬೇಯಿಸಿ, ಸ್ವಲ್ಪವೇ ತಿನ್ನು. ಅದರಲ್ಲೂ ಒಂದೆರಡನ್ನು ಬೇಯಿಸದೆ ತೆಗೆದಿಡು. ಯಾರಿಗಾದರೂ ಹೊಟ್ಟೆ ಕೆಟ್ಟರೆ 108ಕ್ಕೆ ಕರೆ ಮಾಡಿ, ಅದನ್ನೂ ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಿ.

ಉಳಿದವು ನಿನಗೆ ಗೊತ್ತಿರುವವೇ: ಗಮ್‌ಬೂಟು, ಉದ್ದ ತೋಳಿನ ಅಂಗಿ, ಟಾರ್ಚು, ಕುಡಿಯುವ ನೀರು. ಇಂಬಳಕ್ಕೆಂದು ಉಪ್ಪನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಟ್ಟಿದ್ದೇನೆ. ಕಪ್ಪು ರೇನ್‌ಕೋಟು ಬಿಟ್ಟು ಆ ಹಳದಿಯದನ್ನೇ ಹಾಕಿಕೊ, ಕಾಫಿ ಗಿಡಗಳ ನಡುವೆ ಗೆಳತಿಯರಿಗೆ ಕಾಣಿಸುತ್ತದೆ. ಕತ್ತು ಬಗ್ಗಿಸಿ ಅಣಬೆ ಹುಡುಕುವವರಿಗೆ ದಾರಿ ತಪ್ಪುವುದು ತಿಳಿಯುವುದೇ ಇಲ್ಲ, ವಿಷಲ್ ಕೊರಳಲ್ಲಿರಲಿ. ನನ್ನ ಭೂತಗನ್ನಡಿಯನ್ನೂ ಇಟ್ಟಿದ್ದೇನೆ, ಜೋಪಾನ.

ಯಾರಾದರೂ ಹುರುಪಿನಲ್ಲಿ ತೋಟ ದಾಟಿ ಕಾಡಿಗೆ ಹೋಗೋಣವೆಂದರೆ ಒಪ್ಪಬೇಡ. ರಾಷ್ಟ್ರೀಯ ಉದ್ಯಾನವಾಗಲಿ ವನ್ಯಜೀವಿಧಾಮವಾಗಲಿ, ಅನುಮತಿಯಿಲ್ಲದೆ ಒಳಹೋಗುವುದೂ ಅಲ್ಲಿಂದ ಏನನ್ನಾದರೂ ಕಿತ್ತು ತರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಬನ್ನೇರುಘಟ್ಟಕ್ಕೂ ಇದೇ ನಿಯಮ.

ತೋಟದ ಹಿರಿಯರು ಒಪ್ಪಿದ ಹುತ್ತದ ಅಣಬೆ ಒಂದು ಚೀಲದಷ್ಟು ಉಳಿದರೆ ತಾ. ನಿನ್ನಮ್ಮ ಅಕ್ಕಿರೊಟ್ಟಿ ಮಾಡುತ್ತೇನೆಂದಿದ್ದಾಳೆ, ಆದರೆ ಸಾರು ಮಾಡಲು ನನ್ನನ್ನು ಬಿಡುವುದಿಲ್ಲವಂತೆ. ಬುಟ್ಟಿ ಪಕ್ಕದ ಮನೆಯವರದು. ಸೋಮವಾರ ತೊಳೆದು ಹಿಂದಿರುಗಿಸಬೇಕು.

ಇಂತಿ,
ನಿನ್ನ ಅಪ್ಪ