ಕತ್ತಿನ ಲೇಬಲ್

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ನಿನ್ನೆ ಅಕ್ಕ ಫೋನ್ ಮಾಡಿದ್ದಳು. ಆರು ಸಾವಿರದ ಶೂ ಕಂತಿನಲ್ಲಿ ಕೊಡಿಸು ಅಂತ ಕೇಳಿದೆಯಂತೆ. ಅದು ಹೋಗಲಿ. ಹಾಸ್ಟೆಲ್‌ಗೆ ಬರುವಾಗ ಆ ನೈಲಾನ್ ಸೀರೆ ಉಡಬೇಡಮ್ಮ ಅಂದೆಯಂತೆ. ಅದನ್ನು ಹೇಳುವಾಗ ಅವಳ ದನಿ ಸಣ್ಣಗಾಯಿತು.

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ 14 ವರ್ಷ ಹೊಲಿದವಳು ನಾನು. ಅದರಲ್ಲಿ ಎರಡು ವರ್ಷ ಬರೀ ಶರ್ಟಿನ ಕತ್ತಿಗೆ ಲೇಬಲ್ ಕೂರಿಸುವ ಕೆಲಸ. ಒಂದೇ ಥಾನಿನ ಬಟ್ಟೆ, ಒಂದೇ ದಾರ, ಹೊಲಿಯುವ ಕೈಗಳೂ ಅವೇ. ಹಡಗು ಹತ್ತುವ ಶರ್ಟಿಗೆ ಪರದೇಶದ ಬೆಲೆಯ ಟ್ಯಾಗು ಬೀಳುತ್ತಿತ್ತು. ಆರ್ಡರ್‌ಗಿಂತ ಜಾಸ್ತಿಯಾದ ಶರ್ಟುಗಳ ಲೇಬಲ್ಲನ್ನು ಕತ್ತರಿಯಲ್ಲಿ ಅರ್ಧ ಕತ್ತರಿಸುತ್ತಿದ್ದೆವು. ಅವು ಫುಟ್‌ಪಾತಿಗೆ. ಬೆರಳಗಲದ ಆ ಪಟ್ಟಿ ಹೋದರೆ ಬೆಲೆಯೂ ಹೋಯಿತು, ಬಟ್ಟೆ ಹಾಗೇ ಇತ್ತು. 'ಯಾವ ಬ್ರ್ಯಾಂಡು?' ಅಂತ ಕೇಳುತ್ತಾರಲ್ವಾ ನಿನ್ನ ಗೆಳತಿಯರು? ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬರುತ್ತೆ ಅಂತ ಅದರರ್ಥ ಕಣೇ.

ಹಾಗಂತ ಒಳ್ಳೆ ಬಟ್ಟೆ ಹಾಕಬೇಡ ಅನ್ನುವವಳಲ್ಲ ನಾನು. 1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ನಮ್ಮ ಜನದ ಹೆಂಗಸರಿಗೆ ಏನು ಹೇಳಿದರು ಗೊತ್ತಾ? ಮೇಲ್ಜಾತಿಯವರು ಉಡುವ ಹಾಗೇ ಸೀರೆ ಉಡಿ, ಜಾತಿ ತೋರಿಸುವ ಒಡವೆ ಬಿಡಿ ಅಂದರು. ಉಟ್ಟಿದ್ದನ್ನು ನೋಡಿಯೇ ದೂರ ನಿಲ್ಲಿಸುತ್ತಿದ್ದ ಕಾಲ ಅದು. ಲಕ್ಷಣವಾಗಿ ಉಡುವುದು ನಮ್ಮ ಹಕ್ಕು. ಗಾರ್ಮೆಂಟ್ಸ್ ಬಸ್ಸಿಗೆ ಓಡುವಾಗಲೂ ನಾವು ಒಗೆದ ಸೀರೆ ಉಟ್ಟು, ತುಂಡು ಮಲ್ಲಿಗೆ ಮುಡಿದೇ ಹೊರಡುತ್ತಿದ್ದೆವು.

2016ರ ಏಪ್ರಿಲ್ ನಿನಗೆ ನೆನಪಿರಲಿಕ್ಕಿಲ್ಲ. 58 ವರ್ಷ ಆಗುವವರೆಗೆ ಪಿಎಫ್ ದುಡ್ಡು ಪೂರ್ತಿ ಸಿಗಲ್ಲ ಅಂದಾಗ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದೆವು. ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ನನ್ನ ಪಕ್ಕದಲ್ಲಿ ನಿನ್ನಮ್ಮ ಇದ್ದಳು, ಅದೇ ನೈಲಾನ್ ಸೀರೆಯಲ್ಲಿ. ಬಿಸಿಲಿಗೆ ಸೆರಗನ್ನು ತಲೆ ಮೇಲೆ ಹೊದ್ದಿದ್ದಳು. ಆಮೇಲೆ ಕೆಲಸ ಬಿಟ್ಟಾಗ ಬಂದ ಆ ಪಿಎಫ್ ದುಡ್ಡೇ ನಿನ್ನ ಮೊದಲ ವರ್ಷದ ಫೀಸು. ನಿನಗೆ ಹೇಳಬೇಡ ಅಂದಿದ್ದಳು, ಹೇಳಿಬಿಟ್ಟೆ.

ಶೂ ಹರಿದಿದ್ದರೆ ಹೇಳು, ಗಟ್ಟಿಯಾದದ್ದು ನಾನು ಕೊಡಿಸುತ್ತೇನೆ. ಕಂತು ಮಾತ್ರ ಬೇಡ. ಫೋನಿನ ಕಂತು ಕಟ್ಟಲು ಓಟಿ ಮಾಡಿ ಮಾಡಿ ಸೊಂಟ ಹಿಡಿಸಿಕೊಂಡವರನ್ನು ನಮ್ಮ ಲೈನಿನಲ್ಲೇ ನೋಡಿದ್ದೇನೆ.

ಬರುವ ಭಾನುವಾರ ಅಕ್ಕ ನಿನ್ನ ಹಾಸ್ಟೆಲ್‌ಗೆ ಬರುತ್ತಾಳೆ. ಯಾವ ಸೀರೆ ಉಡಲಿ ಅಂತ ನನ್ನ ಕೇಳಿದಳು. ನೀನೇ ಫೋನ್ ಮಾಡಿ ಹೇಳು.

ನಿನ್ನ ಚಿಕ್ಕಮ್ಮ