ಮೊತ್ತದ ಸೂತ್ರ: ಎರಡೂ ತುದಿ ನೋಡಿ

ಮಾನ್ಯ ಸಂಪಾದಕರೇ,

1/(1×3) + 1/(2×4) + 1/(3×5) ಹೀಗೆ ಸಾಗುವ ಎನ್ ಪದಗಳನ್ನು ಒಂದೇ ಸೂತ್ರಕ್ಕೆ ಇಳಿಸುವ ಲೆಕ್ಕದಲ್ಲಿ ಪಿಯು ಮಕ್ಕಳು ಎಡವುವುದು ಕೊನೆಯ ಸಾಲಿನಲ್ಲಿ. ಇದರ ಕೆ-ನೇ ಪದ 1/(ಕೆ(ಕೆ+2)) ಎಂದರೆ 1/ಕೆಯಿಂದ 1/(ಕೆ+2) ಕಳೆದು ಬಂದದ್ದರ ಅರ್ಧ. ಹೀಗೆ ಒಡೆಯುವುದು ಬಹುತೇಕರಿಗೆ ಬರುತ್ತದೆ. ಆಮೇಲೆ ನಡುವಿನದೆಲ್ಲ ಹೊಡೆದುಹೋಯಿತೆಂದು ½[1 − 1/(ಎನ್+2)] ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಛೇದ ಎರಡು ಹೆಜ್ಜೆ ಜಿಗಿಯುವುದರಿಂದ ಒಂದೊಂದು ತುದಿಯಲ್ಲೂ ಎರಡೆರಡು ಪದ ಉಳಿಯುತ್ತವೆ. ಸರಿಯುತ್ತರ ½[1 + 1/2 − 1/(ಎನ್+1) − 1/(ಎನ್+2)].

ತಾಳೆ ನೋಡಿದವರೂ ಮೋಸಹೋಗುತ್ತಾರೆ. ಎನ್=1 ಹಾಕಿದರೆ ತಪ್ಪು ಸೂತ್ರವೂ 1/3 ಎಂದೇ ಕೊಡುತ್ತದೆ, ಏಕೆಂದರೆ ಬಿಟ್ಟುಹೋದ 1/2 ಮತ್ತು 1/(ಎನ್+1) ಆಗ ಒಂದಕ್ಕೊಂದು ವಜಾ ಆಗುತ್ತವೆ. ಎನ್=2 ಹಾಕಿದಾಗಲೇ ಬಣ್ಣ ಬಯಲು: ನಿಜವಾದ ಮೊತ್ತ 11/24, ತಪ್ಪು ಸೂತ್ರದ್ದು 9/24. ಕನಿಷ್ಠ ಮೂರು ಬೆಲೆಗಳಿಗೆ ತಾಳೆ ನೋಡಿ, ಆಮೇಲೆ ಗಣಿತೀಯ ಅನುಗಮನದಿಂದ (ಒಂದು ಬೆಲೆಗೆ ಸರಿಯಾದರೆ ಮುಂದಿನದಕ್ಕೂ ಸರಿ ಎಂದು ತೋರಿಸುವ ಕ್ರಮ) ಸಾಧಿಸಬೇಕು.

ನೋಡಲು ಕಠಿಣವಾದ ಕೆ/(ಕೆ⁴+ಕೆ²+1) ಕೂಡ ಇದೇ ದಾರಿಗೆ ಬರುತ್ತದೆ. ಛೇದವನ್ನು (ಕೆ²−ಕೆ+1)(ಕೆ²+ಕೆ+1) ಎಂದು ಅಪವರ್ತಿಸಿದರೆ, ಪದವು 1/(ಕೆ²−ಕೆ+1)ರಿಂದ 1/(ಕೆ²+ಕೆ+1) ಕಳೆದದ್ದರ ಅರ್ಧವಾಗುತ್ತದೆ. ಮೊದಲ ಅಪವರ್ತನದಲ್ಲಿ ಕೆ ಬದಲು ಕೆ+1 ಹಾಕಿದರೆ ಎರಡನೆಯದು ಸಿಗುತ್ತದೆ. ಗುಟ್ಟು ಇರುವುದೇ ಅಲ್ಲಿ. ಇಲ್ಲಿ ಜಿಗಿತ ಒಂದೇ ಹೆಜ್ಜೆ, ಆದ್ದರಿಂದ ತುದಿಗೊಂದೇ ಪದ ಉಳಿದು ಮೊತ್ತ ½[1 − 1/(ಎನ್²+ಎನ್+1)] ಆಗುತ್ತದೆ.

ಎಲ್ಲ ಮೊತ್ತಗಳೂ ಹೀಗೆ ಮಣಿಯುವುದಿಲ್ಲ. 1/ಕೆ² ಪದಗಳ ಅನಂತ ಮೊತ್ತ π²/6 ಎಂದು ತೋರಿಸಲು ಗಣಿತಜ್ಞ ಆಯ್ಲರ್ ಬೇರೆಯೇ ದಾರಿ ಹಿಡಿಯಬೇಕಾಯಿತು. 1/ಕೆ³ರ ಮೊತ್ತ ಅಭಾಗಲಬ್ಧವೆಂದು ಫ್ರೆಂಚ್ ಗಣಿತಜ್ಞ ಅಪೇರಿ 1978ರಲ್ಲಿ ತೋರಿಸಿದರೂ ಅದಕ್ಕೆ ಅಂಥ ಸೂತ್ರ ಇಂದಿಗೂ ಸಿಕ್ಕಿಲ್ಲ.

ತುದಿಗಳ ಮೇಲಿನ ಈ ನಿಗಾ ನಮ್ಮ ಸೀಮೆಗೆ ಹೊಸದಲ್ಲ. ಮಳಖೇಡ ರಾಜಧಾನಿಯಾಗಿದ್ದ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಮೊತ್ತ 1 ಬರುವಂತೆ ಭಿನ್ನರಾಶಿಗಳನ್ನು ಕಟ್ಟುವ ಕ್ರಮ ಹೇಳಿದ್ದಾರೆ. ಛೇದಗಳನ್ನು 1, 3, 9, 27 ಎಂದು ಮೂರರಿಂದ ಗುಣಿಸುತ್ತ ಹೋಗಿ, ಮೊದಲನೆಯದನ್ನು 2ರಿಂದ, ಕೊನೆಯದನ್ನು 2/3ರಿಂದ ಗುಣಿಸಬೇಕು: 1/2 + 1/3 + 1/9 + 1/18 = 1. ನಡುವಿನವಕ್ಕೆ ಒಂದೇ ನಿಯಮ, ತುದಿಗಳಿಗೆ ಮಾತ್ರ ಬೇರೆ ಉಪಚಾರ.

ತಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಥ ಲೆಕ್ಕ ಅಚ್ಚಾಗುವಾಗ ಬರೀ ಉತ್ತರ ಕೊಡದೆ, ಹೊಡೆದುಹೋಗದೆ ಉಳಿದ ಪದಗಳ ಸಾಲನ್ನೂ ಎನ್=2ರ ತಾಳೆಯನ್ನೂ ಅಚ್ಚು ಮಾಡಬೇಕೆಂದು ವಿನಂತಿ.

– ಗಣಿತ ಉಪನ್ಯಾಸಕರು, ಕಲಬುರಗಿ