ಮೈದಾನದ ಆ ಬೈಗುಳಕ್ಕೂ ಕೆಂಪು ಕಾರ್ಡ್ ತೋರಿಸಿ: ಕಾರವಾರ–ಅಂಕೋಲಾ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಮ್ಮ ಕಡೆ ಫುಟ್ಬಾಲ್ ಪಂದ್ಯಾವಳಿ ಎಂದರೆ ಉದ್ಘಾಟನೆಗೆ ಜನಪ್ರತಿನಿಧಿ ಬರಲೇಬೇಕು. ಹಾರ, ಶಾಲು, ಚೆಂಡಿಗೆ ಮೊದಲ ಒದೆ, ಮೈಕಿನಲ್ಲಿ ನಾಲ್ಕು ಮಾತು. ಆ ನಾಲ್ಕು ಮಾತಿನಲ್ಲಿ ಒಂದನ್ನು ಈ ಸಲ ನಮ್ಮ ಮೈದಾನದ ಸಲಿಂಗಿ ಹುಡುಗರ ವಿಷಯಕ್ಕೆ ಮೀಸಲಿಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ. ನಾನು ಇಲ್ಲಿನ ಹುಡುಗರಿಗೆ ಫುಟ್ಬಾಲ್ ಕಲಿಸುವವನು.

ಸಲಿಂಗಿಗಳಾದ ಆಟಗಾರರು, ನಟರು, ರಾಜಕಾರಣಿಗಳು ಯಾಕೆ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟೇ ಇದು ಅಪರಾಧವಲ್ಲ ಎಂದ ಮೇಲೆ ಇನ್ನೆಂಥ ಹೆದರಿಕೆ ಎಂದು ತಿಳಿದವರೂ ಕೇಳುತ್ತಾರೆ. ಪೊಲೀಸರ ಹೆದರಿಕೆ ಹೋಯಿತು, ನಿಜ. ಆದರೆ ಆಟಗಾರನನ್ನು ತಂಡಕ್ಕೆ ಆರಿಸುವುದು ಕೋರ್ಟಲ್ಲ. ಸಲಿಂಗಿ ಎಂಬ ಕಾರಣಕ್ಕೆ ಖಾಸಗಿ ಕ್ಲಬ್ಬೊಂದು ಅವನನ್ನು ಕೈಬಿಟ್ಟರೆ ಅದನ್ನು ಹೆಸರಿಸಿ ತಡೆಯುವ ಕಾಯ್ದೆ ಇವತ್ತಿಗೂ ನಮ್ಮಲ್ಲಿಲ್ಲ.

ಜಸ್ಟಿನ್ ಫಶಾನು ಎಂಬ ಇಂಗ್ಲೆಂಡಿನ ಆಟಗಾರನ ಕತೆ ನಿಮಗೆ ಗೊತ್ತಿರಬೇಕು. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್ಬು ಅವನನ್ನು ಹತ್ತು ಲಕ್ಷ ಪೌಂಡಿಗೆ ಕೊಂಡಿತು. ಕಪ್ಪು ಆಟಗಾರನೊಬ್ಬನಿಗೆ ಅಲ್ಲಿ ಅಷ್ಟು ಬೆಲೆ ಬಂದದ್ದು ಅದೇ ಮೊದಲು. 1990ರಲ್ಲಿ ಪತ್ರಿಕೆಯ ಮೂಲಕ ತಾನು ಸಲಿಂಗಿ ಎಂದು ಹೇಳಿಕೊಂಡ. ತಾನೂ ಹೆಸರಾಂತ ಆಟಗಾರನಾಗಿದ್ದ ಸ್ವಂತ ತಮ್ಮನೇ ಅವನನ್ನು ಬಹಿರಂಗವಾಗಿ ದೂರ ಮಾಡಿದ. 1998ರಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಫಶಾನುಗೆ 37 ವರ್ಷ. ಕೊನೆಯ ದಿನಗಳಲ್ಲಿ ಅವನ ಮೇಲೊಂದು ಗಂಭೀರ ಆರೋಪವೂ ಇತ್ತು, ಹಾಗಾಗಿ ಸಾವಿಗೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಅವನಿಗಾದದ್ದನ್ನು ಉಳಿದವರೆಲ್ಲ ನೋಡಿದ್ದರು. ಜರ್ಮನಿಗೆ 52 ಪಂದ್ಯ ಆಡಿದ ಥಾಮಸ್ ಹಿಟ್ಝ್‌ಲ್‌ಸ್ಪರ್ಗರ್ ಬಾಯಿಬಿಟ್ಟಿದ್ದು 2014ರಲ್ಲಿ, ಅದೂ ನಿವೃತ್ತನಾದ ಮೇಲೆ. ಇಂಗ್ಲೆಂಡಿನಲ್ಲಿ ಆಡುತ್ತಿರುವಾಗಲೇ ಹೇಳಿಕೊಳ್ಳುವ ಇನ್ನೊಬ್ಬ ವೃತ್ತಿಪರ ಆಟಗಾರ ಬರಲು 2022ರ ತನಕ ಕಾಯಬೇಕಾಯಿತು. ಬ್ಲ್ಯಾಕ್‌ಪೂಲ್ ತಂಡದ ಜೇಕ್ ಡೇನಿಯಲ್ಸ್. ಹದಿನೇಳು ವರ್ಷದ ಹುಡುಗ!

ಅದೇ ವರ್ಷ ಕತಾರ್ ವಿಶ್ವಕಪ್‌ನಲ್ಲಿ ಯುರೋಪಿನ ಏಳು ತಂಡಗಳ ನಾಯಕರು ಇಂಥವರ ಪರವಾಗಿ ತೋಳುಪಟ್ಟಿ ಕಟ್ಟುತ್ತೇವೆಂದು ಹೊರಟಿದ್ದರು. ಕಟ್ಟಿದರೆ ಹಳದಿ ಕಾರ್ಡ್ ಎಂದು ಫಿಫಾ ಹೆದರಿಸಿತು. ಎಲ್ಲರೂ ಹಿಂದೆ ಸರಿದರು. ಕೋಟಿಗಟ್ಟಲೆ ಸಂಪಾದಿಸುವ ನಾಯಕರೇ ಒಂದು ಕಾರ್ಡಿಗೆ ತಗ್ಗುವಾಗ, ನಮ್ಮ ಕೋಡಿಬಾಗದ ಹುಡುಗ ಯಾರ ಧೈರ್ಯದ ಮೇಲೆ ಬಾಯಿಬಿಡಬೇಕು?

ಅವನ ಲೆಕ್ಕಾಚಾರವೇ ಬೇರೆ ಇದೆ. ಮಾಜಾಳಿ ಗಡಿ ದಾಟಿ ಗೋವಾದ ಡೆಂಪೊ, ಚರ್ಚಿಲ್ ಬ್ರದರ್ಸ್‌ನಂಥ ಕ್ಲಬ್ಬಿನಲ್ಲಿ ಒಂದು ಅವಕಾಶ ಸಿಕ್ಕೀತೇ ಎಂದು ಕಾಯುತ್ತಿರುತ್ತಾನೆ. ಇಲ್ಲವಾದರೆ ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ನೌಕರಿ. ಟೂರ್ನಿಗೆ ಹೋದಲ್ಲಿ ಎಂಟು ಹತ್ತು ಜನ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಬೇಕು, ಒಂದೇ ಬಚ್ಚಲಿಗೆ ಸರದಿ ನಿಲ್ಲಬೇಕು. ವಿಷಯ ಗೊತ್ತಾದ ದಿನ ಅವನ ಚಾಪೆ ಯಾರ ಪಕ್ಕ? ಮನೆಯಲ್ಲಿ ಅಕ್ಕನಿಗೆ ಗಂಡು ನೋಡುತ್ತಿರುತ್ತಾರೆ. ಊರವರ ಬಾಯಿಗೆ ಬಿದ್ದರೆ ಆ ಸಂಬಂಧವೂ ಮುರಿಯಬಹುದು. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು ಬಂದ ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ಹುಡುಗಿಯೊಬ್ಬಳ ಮೇಲಿನ ತನ್ನ ಪ್ರೀತಿಯ ಬಗ್ಗೆ ಹೇಳಿಕೊಂಡಾಗ ಮನೆಯವರೇ ತಿರುಗಿಬಿದ್ದರು. ಪದಕವೇ ಇಲ್ಲದವನು ಏನನ್ನು ನಂಬಿ ಹೇಳಬೇಕು?

ಕಣ್ಣಾರೆ ಕಂಡದ್ದೊಂದನ್ನು ಹೇಳುತ್ತೇನೆ. ತಾವು ಅಂದು ಅಲ್ಲಿರಲಿಲ್ಲ, ಊರಿನ ಹೆಸರೂ ಬೇಡ. ಎಡಗಡೆ ಆಡುತ್ತಿದ್ದ ಸಪೂರ ಹುಡುಗನೊಬ್ಬ ಟ್ಯಾಕಲ್ ಆಗಿ ಬಿದ್ದ. ಮೊಣಕಾಲು ಕಿತ್ತು ರಕ್ತ ಬರುತ್ತಿತ್ತು, ಅದಕ್ಕೆ ಮೆತ್ತಿದ ಮಣ್ಣನ್ನು ಉಗುಳು ಹಚ್ಚಿ ಒರೆಸಿಕೊಳ್ಳುತ್ತಿದ್ದ. ಗೆರೆಯಾಚೆಯಿಂದ ಒಬ್ಬ ಕೂಗಿದ: "ಏ ಚಕ್ಕಾ, ಏಳೋ, ಸೀರೆ ಉಟ್ಕಂಡು ಬಾ!" ಜನ ಹೋ ಎಂದು ನಕ್ಕರು. ವೇದಿಕೆಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಹಿರಿಯರೂ ನಕ್ಕರು. ರೆಫರಿ ಸೀಟಿ ಊದಿ ಫ್ರೀ ಕಿಕ್ ಕೊಟ್ಟ. ಕಾಲಿಗೆ ಬಿದ್ದ ಪೆಟ್ಟಿಗೆ ಮಾತ್ರ.

ಆ ಹುಡುಗ ಸಲಿಂಗಿಯೋ ಅಲ್ಲವೋ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಆ ಕೂಗು ಅಂಗಳದಲ್ಲಿದ್ದ ಇಪ್ಪತ್ತೆರಡು ಜನಕ್ಕೂ ಕೇಳಿಸಿತು. ಬೇಲಿ ಹತ್ತಿ ಕೂತಿದ್ದ ಶಾಲೆ ಮಕ್ಕಳಿಗೂ ಕೇಳಿಸಿತು. ಅವರಲ್ಲಿ ಯಾರಾದರೂ ಹಾಗಿದ್ದರೆ, ಹೇಳಿಕೊಂಡರೆ ಏನಾಗುತ್ತದೆ, ಯಾರ್ಯಾರು ನಗುತ್ತಾರೆ ಎಂಬುದು ಆ ಸಂಜೆಯೇ ಅವರಿಗೆ ತಿಳಿಯಿತು. ಅಂಥ ಮಗು ಮುಂದೆ ದೊಡ್ಡ ಆಟಗಾರನಾದರೂ, ಶಾಸಕನೇ ಆದರೂ, ಆ ಮಾತನ್ನು ಗಂಟಲಲ್ಲೇ ಇಟ್ಟುಕೊಳ್ಳುತ್ತದೆ. ದೊಡ್ಡವರಾದ ಮೇಲೆ ಯಾಕೆ ಹೇಳಲಿಲ್ಲ ಎಂದು ನಾವು ಕೇಳುತ್ತೇವೆ. ಅವರ ಬಾಯಿ ಕಟ್ಟಿದ್ದು ನಾವೇ, ಹತ್ತು ಹನ್ನೆರಡನೇ ವಯಸ್ಸಿನಲ್ಲೇ.

ಸಲಿಂಗಿಗಳು ಹೇಳಿಕೊಂಡರೆ ಆಟದ ಘನತೆ ಕುಗ್ಗುತ್ತದೆ ಎನ್ನುವವರು ಮಹಿಳೆಯರ ಫುಟ್ಬಾಲ್ ನೋಡಲಿ. ತಾನು ಸಲಿಂಗಿ ಎಂದು 2012ರಲ್ಲೇ ಹೇಳಿಕೊಂಡ ಅಮೆರಿಕದ ಮೇಗನ್ ರಪಿನೊ 2019ರಲ್ಲಿ ವಿಶ್ವಕಪ್ ಎತ್ತಿದಳು, ಶ್ರೇಷ್ಠ ಆಟಗಾರ್ತಿಯ ಗೋಲ್ಡನ್ ಬಾಲ್, ಹೆಚ್ಚು ಗೋಲು ಹೊಡೆದವರ ಗೋಲ್ಡನ್ ಬೂಟ್ ಎರಡೂ ಅವಳಿಗೇ ಬಂದವು.

ಇನ್ನು ನಿಮ್ಮಿಂದ ಆಗಬೇಕಾದ್ದು. ಮೈದಾನದ ಬೈಗುಳ ತಡೆಯಲು ಹೊಸ ಕಾನೂನಿನ ಅಗತ್ಯವಿಲ್ಲ. ಅವಾಚ್ಯವಾಗಿ, ಅವಮಾನಿಸುವಂತೆ ಮಾತಾಡಿದ ಆಟಗಾರನಿಗೆ ಕೆಂಪು ಕಾರ್ಡ್ ಎಂದು ಫುಟ್ಬಾಲ್ ನಿಯಮಾವಳಿಯ 12ನೇ ನಿಯಮ ಆಗಲೇ ಹೇಳುತ್ತದೆ. ಹೊರಗಿನವರ ಗಲಾಟೆಗೆ ಪಂದ್ಯ ನಿಲ್ಲಿಸುವ ಅಧಿಕಾರವೂ ರೆಫರಿಗಿದೆ. ಈ ಬಗೆಯ ಬೈಗುಳಕ್ಕೂ ಅದು ಅನ್ವಯಿಸುತ್ತದೆ ಎಂದು ಕ್ಷೇತ್ರದ ಎಲ್ಲ ಸಂಘಟಕರಿಗೆ ಕ್ರೀಡಾ ಇಲಾಖೆಯಿಂದ ಒಂದು ಸುತ್ತೋಲೆ ಹೊರಡಿಸಿ. ದೈಹಿಕ ಶಿಕ್ಷಕರ ತರಬೇತಿಯಲ್ಲಿ ಒಂದು ತಾಸು ಇದಕ್ಕೆ ಕೊಡಿಸಿ. ನೊಂದ ಮಕ್ಕಳು ದುಡ್ಡಿಲ್ಲದೆ ಕರೆ ಮಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಪ್ರತಿ ಪಂದ್ಯಾವಳಿಯ ಬ್ಯಾನರಿನಲ್ಲಿ, ನಿಮ್ಮ ಭಾವಚಿತ್ರದ ಪಕ್ಕದಲ್ಲೇ ಇರಲಿ.

ಮತ್ತೆ ಮೈಕಿನಲ್ಲಿ ಆ ಒಂದು ಮಾತು. "ಈ ಮೈದಾನದಲ್ಲಿ ಹುಡುಗರನ್ನು ಇಷ್ಟಪಡುವ ಹುಡುಗರೂ ಆಡುತ್ತಾರೆ, ಅವರೂ ನಮ್ಮ ಮಕ್ಕಳೇ" ಎಂದು ನಿಮ್ಮ ಬಾಯಿಂದ ಬಂದರೆ ಸಾಕು. ಕೊಂಕಣಿಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು, ಹಿಂದಿನ ಸಾಲಿನ ಅಜ್ಜಂದಿರಿಗೂ ತಲುಪುತ್ತದೆ. ಒಂದಿಷ್ಟು ಮತ ಹೋಗಬಹುದು ಎಂಬ ಅಳುಕು ನಿಮಗಿರುವುದು ಸಹಜ. ಆ ಹುಡುಗರಿಗೆ ಹೋಗುವುದು ಅದಕ್ಕಿಂತ ಹೆಚ್ಚಿನದು.

ಸುತ್ತೋಲೆಯ ಕರಡನ್ನು ನಾವು ತರಬೇತುದಾರರೇ ಕೂತು ಬರೆದುಕೊಡುತ್ತೇವೆ. ಮಳೆ ಬಿಟ್ಟು ಮೊದಲ ಪಂದ್ಯಾವಳಿ ಶುರುವಾಗುವ ಮುಂಚೆ ಭೇಟಿಗೊಂದು ದಿನ ಗೊತ್ತುಮಾಡಿ.

ಇಂತಿ ನಿಮ್ಮ ಕ್ಷೇತ್ರದ ಮತದಾರ,
ಕಾರವಾರ